ನಾಯಿ ಬೀದಿಗೂ ಬೇಡ, ಸರಪಳಿಗೂ ಬೇಡ

ಬೆಳಗಿನ ಹಾಲು ಹಾಕಲು ಡೇರಿಗೆ ಬರುವಾಗ ನಿಮ್ಮ ಹಿಂದೆ ಯಾರು ಬರುತ್ತಾರೆ ಎಂದು ಒಮ್ಮೆ ತಿರುಗಿ ನೋಡಿ. ನಮ್ಮ ಮಹಿಳಾ ಸಂಘದಲ್ಲಂತೂ ಅರ್ಧ ಮಂದಿಯ ಹಿಂದೆ ನಾಯಿ ಇರುತ್ತದೆ. ಕಾರ್ಯದರ್ಶಿಯಾಗಿ ದಿನಕ್ಕೆ ಎರಡು ಹೊತ್ತು ಹಾಲು ಅಳೆಯುವ ನನಗೆ ಸದಸ್ಯೆಯರ ಕೋಡ್ ನಂಬರ್ ಎಷ್ಟು ಬಾಯಿಪಾಠವೋ ಅವರವರ ನಾಯಿಯ ಬಣ್ಣವೂ ಅಷ್ಟೇ ಬಾಯಿಪಾಠ. ಕ್ಯಾನಿನ ಬುಡದಲ್ಲಿ ಚೆಲ್ಲಿದ ಹಾಲು ನೆಕ್ಕಿ, ಒಂದಕ್ಕೊಂದು ಗುರ್ರೆಂದು, ಯಾವುದೋ ಮಗುವಿನ ಕೈಯಲ್ಲಿದ್ದ ಬನ್ನು ಕಿತ್ತುಕೊಂಡು ಅವು ಹೊರಟವೆಂದರೆ ಮತ್ತೆ ಮನೆ ಸೇರುವುದು ಊಟದ ಹೊತ್ತಿಗೆ. ನಡುವೆ ಎಲ್ಲಿದ್ದವು, ಏನು ತಿಂದವು, ಯಾರನ್ನು ಕಚ್ಚಿದವು, ಯಾವುದರಿಂದ ಕಚ್ಚಿಸಿಕೊಂಡವು, ಯಾರಿಗೂ ಗೊತ್ತಿಲ್ಲ.

ಹಸುವಿನ ವಿಷಯದಲ್ಲಿ ನಾವು ಹೀಗಿದ್ದೇವೆಯೇ? ಹಸುವಿನ ಕಿವಿಯಲ್ಲಿ ಹನ್ನೆರಡು ಅಂಕಿಯ ಓಲೆ ಇದೆ. ವಿಮೆ ಇದೆ. ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ್ದು ಯಾವಾಗ, ಬೆದೆಗೆ ಬಂದದ್ದು ಯಾವತ್ತು, ಸೂಜಿ ಕೊಡಿಸಿದ್ದು ಯಾವತ್ತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರುತ್ತೀರಿ. ಅದೇ ಅಂಗಳದ ನಾಯಿಗೆ ಮಾತ್ರ ಒಂದು ಹೆಸರು ಬಿಟ್ಟರೆ ಬೇರೇನೂ ಇಲ್ಲ.

ನಾಯಿಯನ್ನು ಕಟ್ಟಬೇಕೋ ಬಿಡಬೇಕೋ ಎಂಬ ಜಗಳ ಹಾಲಿನ ಸಾಲಿನಲ್ಲಿ ಆಗಾಗ ಎದ್ದೇ ಏಳುತ್ತದೆ. ಒಬ್ಬರು "ಕಟ್ಟಾಕಕ್ಕ ನಿನ್ನ ನಾಯೀನ, ನಮ್ಮ ಕರೂನ ಅಟ್ಟಾಡಿಸ್ತು" ಎನ್ನುತ್ತಾರೆ. ಇನ್ನೊಬ್ಬರು "ಕಟ್ಟಾಕಿದ್ರೆ ಅದು ಯಾವ ಸೀಮೆ ನಾಯಿ, ಸುತ್ತಾಡಿಕೊಂಡಿದ್ರೇ ತಾನೆ ಕಾವಲು" ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ನ್ಯಾಯವಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಸು ಕಟ್ಟಿರುವ ಮನೆಯ ನಾಯಿ ಊರು ಸುತ್ತಬಾರದು. ಹಾಗೆಂದು ದಿನವಿಡೀ ಮೊಳದುದ್ದದ ಸರಪಳಿಯಲ್ಲೂ ಇರಬಾರದು. ಹಗಲು ನಮ್ಮ ಬೇಲಿಯ ಒಳಗೆ, ನಮ್ಮ ಕಣ್ಣ ಮುಂದೆ ಬಿಡುಬೀಸಾಗಿರಲಿ. ರಾತ್ರಿ ಬಾಗಿಲ ಒಳಗಿರಲಿ. ಈ ತೀರ್ಮಾನವನ್ನು ಮಾಡಬೇಕಾದವರೂ ನಾವೇ. ಮರಿಯನ್ನು ತರುವವರು ಮನೆಯ ಗಂಡಸರೋ ಹುಡುಗರೋ ಇರಬಹುದು. ಅನ್ನ ಹಾಕುವವರು ನಾವು, ಹಾಲು ಕರೆಯುವವರು ನಾವು, ಹಸುವಿಗೆ ಹುಷಾರು ತಪ್ಪಿದರೆ ಮೊದಲು ಮೈ ಮುಟ್ಟಿ ನೋಡುವವರೂ ನಾವು.

ಆ ಮುಟ್ಟುವ ಕೈಯ ವಿಷಯವನ್ನೇ ಹೆಚ್ಚು ಹೇಳಬೇಕಾಗಿದೆ.

ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ನಾಯಿಗೂ ಮನುಷ್ಯನಿಗೂ ಮಾತ್ರ ಬರುವುದು ಎಂದು ತಿಳಿದವರು ಇನ್ನೂ ಇದ್ದಾರೆ. ಹಸು, ಎಮ್ಮೆ, ಆಡು, ಕುರಿ, ಬೆಕ್ಕು, ನರಿ, ಮುಂಗುಸಿ ಎಲ್ಲಕ್ಕೂ ಬರುತ್ತದೆ. ರೋಗದ ವೈರಸ್ ಇರುವುದು ಜೊಲ್ಲಿನಲ್ಲಿ. ಹುಚ್ಚು ಹಿಡಿದ ನಾಯಿ ರಾತ್ರಿ ಕೊಟ್ಟಿಗೆಗೆ ನುಗ್ಗಿ ಹಸುವಿನ ಮೂತಿಗೋ ಹಿಂಗಾಲಿಗೋ ಕಚ್ಚಿ ಹೋದರೆ ಬೆಳಿಗ್ಗೆ ನಮಗೆ ಕಾಣುವುದು ಒಂದು ಸಣ್ಣ ಗಾಯ. ಮೊಳೆ ತರಚಿರಬೇಕು ಎಂದುಕೊಂಡು ಅರಿಸಿನ ಹಚ್ಚಿ ಸುಮ್ಮನಾಗುತ್ತೇವೆ. ರೋಗ ಹೊರಬೀಳುವುದು ವಾರಗಳ ನಂತರ, ಕೆಲವೊಮ್ಮೆ ತಿಂಗಳುಗಳ ನಂತರ. ಅಷ್ಟರಲ್ಲಿ ಗಾಯ ಮಾಯ್ದಿರುತ್ತದೆ, ನಮಗೂ ಮರೆತಿರುತ್ತದೆ.

ಆಗ ಹಸು ಹೇಗಿರುತ್ತದೆ ಗೊತ್ತೇ? ಮೇವು ಬಿಡುತ್ತದೆ. ಹಾಲು ಇದ್ದಕ್ಕಿದ್ದಂತೆ ಇಳಿಯುತ್ತದೆ. ಬಾಯಿಂದ ಜೊಲ್ಲು ಸುರಿಯುತ್ತದೆ, ನೀರು ನುಂಗಲು ಆಗುವುದಿಲ್ಲ. ದನಿ ಒಡೆದು, ಗೊಗ್ಗರು ಸ್ವರದಲ್ಲಿ ಬಿಟ್ಟೂಬಿಡದೆ ಅರಚುತ್ತದೆ. ಕೆಲವು ಹಸು ಬೇರೆ ಹಸುವಿನ ಮೇಲೆ ಹಾರುತ್ತದೆ. ಬೆದೆಗೆ ಬಂದಿದೆ ಎಂದುಕೊಂಡು ಸೂಜಿ ಕೊಡಿಸಲು ಕರೆ ಕಳಿಸುವವರುಂಟು. ಕೆಲವು ಸಗಣಿ ಹಾಕಲು ತಿಣುಕುತ್ತವೆ, ಹಿಂಗಾಲು ಸೋತು ತೂರಾಡುತ್ತವೆ. ರೊಚ್ಚಿಗೆದ್ದು ಹಾಯುವ ಹಸುವೂ ಉಂಟು, ಮಂಕಾಗಿ ಮೂಲೆ ಹಿಡಿಯುವ ಹಸುವೂ ಉಂಟು.

ಜೊಲ್ಲು ಸುರಿಯುತ್ತಿದೆ, ನುಂಗುತ್ತಿಲ್ಲ. ನೋಡಿದ ಕೂಡಲೇ ನಮಗೆ ಹೊಳೆಯುವುದೇನು? "ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ." ಮಾವಿನ ಓಟೆಯೋ, ಗೆಡ್ಡೆಯೋ, ಪ್ಲಾಸ್ಟಿಕ್ ಚೀಲವೋ. ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರವಾಗಿ ಹಸುವಿನ ಬಾಯಿಗೆ ಕೈ ಹಾಕುತ್ತೇವೆ. ಹುಲ್ಲು ಕೊಯ್ದು, ಮುಸುರೆ ತಿಕ್ಕಿ, ಹಾಲು ಕರೆದು ಸವೆದ ಕೈ ಅದು; ಕುಡುಗೋಲಿನ ಗೀರು ಒಂದಾದರೂ ಇಲ್ಲದ ಕೈ ನಮ್ಮಲ್ಲಿ ಯಾರದ್ದಿದೆ? ಆ ಗೀರಿಗೆ ಜೊಲ್ಲು ತಾಗಿದರೆ ಸಾಕು. ನಾಯಿ ಕಚ್ಚದೆಯೇ ರೇಬೀಸ್ ನಮ್ಮ ಮೈ ಹೊಕ್ಕಬಹುದು. ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡ ಮೇಲೆ ಹಸುವಾಗಲಿ ಮನುಷ್ಯನಾಗಲಿ ಉಳಿಯುವುದಿಲ್ಲವೆಂದೇ ಲೆಕ್ಕ. ಜಗತ್ತಿನಲ್ಲಿ ಈ ರೋಗದಿಂದ ಸಾಯುವವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ನಮ್ಮ ದೇಶದವರೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಆದ್ದರಿಂದ, ಜೊಲ್ಲು ಸುರಿಸುತ್ತಾ ಮೇವು ಬಿಟ್ಟ ಹಸುವಿನ ಬಾಯಿಗೆ ದಯವಿಟ್ಟು ಬರಿಗೈ ಹಾಕಬೇಡಿ. ನಿಮ್ಮ ಯಜಮಾನರಿಗೂ ಹಾಕಲು ಬಿಡಬೇಡಿ. ಗಂಟಲಿನಲ್ಲಿ ನಿಜವಾಗಿ ಓಟೆಯೇ ಸಿಕ್ಕಿದ್ದರೂ ಅದನ್ನು ತೆಗೆಯಲು ಪಶುವೈದ್ಯರಿದ್ದಾರೆ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆ ಕೇಳಬಹುದು, ಇಲ್ಲವೇ ಸಂಘಕ್ಕೆ ತಿಳಿಸಿದರೆ ಒಕ್ಕೂಟದ ವೈದ್ಯರಿಗೆ ಸುದ್ದಿ ಮುಟ್ಟುತ್ತದೆ. ಅಂಥ ಹಸುವನ್ನು ಬೇರೆ ಕಟ್ಟಿ, ಮಕ್ಕಳನ್ನು ದೂರವಿಡಿ. ಅದರ ಹಾಲನ್ನು ಡೇರಿಗೆ ತರಬೇಡಿ, ಮನೆಯಲ್ಲೂ ಬಳಸಬೇಡಿ. ಅದಕ್ಕೆ ಮುಂಚೆ ಕುದಿಸಿ ಕುಡಿದ ಹಾಲಿನ ಬಗ್ಗೆ ಗಾಬರಿ ಬೇಡ, ಕುದಿಯುವ ಹಾಲಿನಲ್ಲಿ ಈ ವೈರಸ್ ಉಳಿಯುವುದಿಲ್ಲ. ಹಸಿ ಹಾಲು ಕುಡಿದವರಿದ್ದರೆ, ಬರಿಗೈಯಲ್ಲಿ ಜೊಲ್ಲು ಮುಟ್ಟಿದವರಿದ್ದರೆ, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ನಡೆದದ್ದನ್ನು ಹೇಳಿ.

ನಾಯಿಯೇ ಕಚ್ಚಿದರೆ ಏನು ಮಾಡಬೇಕೆಂದು ನಿಮಗೆ ಗೊತ್ತಿದೆ ಎಂದುಕೊಳ್ಳುತ್ತೇನೆ. ಆದರೂ ನಮ್ಮ ಕಡೆ ಇನ್ನೂ ಮೆಣಸಿನಪುಡಿ, ಸುಣ್ಣ, ಸೀಮೆಎಣ್ಣೆ ಮೆತ್ತುವುದನ್ನು ಕಾಣುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಏನನ್ನೂ ಮೆತ್ತಬೇಡಿ. ಹರಿಯುವ ನೀರಿನಲ್ಲಿ, ಸೋಪು ಹಾಕಿ, ಹದಿನೈದು ನಿಮಿಷ ತೊಳೆಯಿರಿ. ಹದಿನೈದು ನಿಮಿಷ ಅಂದರೆ ಒಂದು ಹಸು ಕರೆದು ಮುಗಿಸುವಷ್ಟು ಹೊತ್ತು. ಸುಮ್ಮನೆ ಒಂದು ಚೊಂಬು ನೀರು ಸುರಿದುಕೊಳ್ಳುವುದಲ್ಲ. ಆಮೇಲೆ ಆಸ್ಪತ್ರೆ. ಲಸಿಕೆ ಒಂದೇ ಸೂಜಿಗೆ ಮುಗಿಯುವುದಿಲ್ಲ. ಚೀಟಿಯಲ್ಲಿ ಬರೆದುಕೊಟ್ಟ ಒಂದು ದಿನವನ್ನೂ ತಪ್ಪಿಸಬಾರದು. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಬೇರೆ ಚುಚ್ಚುಮದ್ದು ಹಾಕುತ್ತಾರೆ, ಬೇಡವೆನ್ನಬೇಡಿ. ಹಸುವಿಗೆ ಕಚ್ಚಿದರೂ ಇದೇ ಕ್ರಮ. ಕೈಗವಸೋ ದಪ್ಪ ಪ್ಲಾಸ್ಟಿಕ್ಕೋ ಹಾಕಿಕೊಂಡು ಸೋಪು ನೀರಿನಲ್ಲಿ ತೊಳೆದು, ಅವತ್ತೇ ವೈದ್ಯರಿಗೆ ಹೇಳಿದರೆ ಹಸುವಿಗೂ ಕ್ರಮವಾಗಿ ಲಸಿಕೆ ಕೊಟ್ಟು ಉಳಿಸಿಕೊಳ್ಳುವ ದಾರಿ ಇದೆ.

ನಾಯಿ ಬೇಲಿಯೊಳಗೆ ಇರಬೇಕು ಎಂದು ನಾನು ಹಟ ಹಿಡಿಯಲು ಇನ್ನೊಂದು ಕಾರಣವೂ ಇಲ್ಲೇ ಇದೆ. ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಿ ಎಂದು ವೈದ್ಯರು ಹೇಳುತ್ತಾರೆ. ಹತ್ತು ದಿನ ಕಳೆದೂ ಅದು ಉಂಡು ತಿಂದು ಚೆನ್ನಾಗಿದ್ದರೆ ಕಚ್ಚಿದ ಹೊತ್ತಿಗೆ ಅದಕ್ಕೆ ರೇಬೀಸ್ ಇರಲಿಲ್ಲವೆಂದು ಅರ್ಥ. ಹಾಗೆಂದು ಲಸಿಕೆಗೆ ಕಾಯುವಂತಿಲ್ಲ, ಅದು ಮೊದಲ ದಿನವೇ ಶುರುವಾಗಬೇಕು. ಆದರೆ ಊರು ಸುತ್ತುವ ನಾಯಿಯನ್ನು ಹತ್ತು ದಿನ ನೋಡುವವರು ಯಾರು? ಇವತ್ತು ಈ ಬೀದಿ, ನಾಳೆ ಸಂತೆಮಾಳ. ನಮ್ಮದೇ ಅಂಗಳದಲ್ಲಿದ್ದರೆ ಅದು ಎಷ್ಟು ಹೊತ್ತಿಗೆ ಉಂಡಿತು, ಯಾವಾಗ ಬೊಗಳಿತು ಎಂಬುದೆಲ್ಲ ನಮಗೆ ಗೊತ್ತಿರುತ್ತದೆ.

ಇನ್ನು ಅವು ಹೊರಗೆ ತಿನ್ನುವ ವಿಷಯ. ಸತ್ತ ಕರುವನ್ನು ಹಳ್ಳಕ್ಕೆ ಎಸೆಯುವುದು, ಹಸು ಕರು ಹಾಕಿದ ಮೇಲೆ ಬೀಳುವ ಕಸವನ್ನು ತಿಪ್ಪೆಗೆ ಹಾಕುವುದು ಅಥವಾ ಆಲದ ಮರಕ್ಕೆ ಕಟ್ಟುವುದು ನಮ್ಮಲ್ಲಿ ಬಹಳ ಕಡೆ ಇದೆ. ಅದರ ಪಾಲುದಾರರೆಲ್ಲ ನಾಯಿಗಳೇ. ಕಂದು ಹಾಕುವ ರೋಗವಿದ್ದ ಹಸುವಿನ ಕಸವನ್ನು ನಾಯಿ ಎಳೆದುಕೊಂಡು ನಾಲ್ಕು ಹಿತ್ತಲು ದಾಟಿದರೆ ದಾರಿಯುದ್ದಕ್ಕೂ ಬ್ರುಸೆಲ್ಲಾ ರೋಗಾಣು ಬಿತ್ತಿದಂತೆ. ಆ ರೋಗ ಹಸುವಿಗೆ ಮಾತ್ರವಲ್ಲ, ಬರಿಗೈಯಲ್ಲಿ ಕಸ ತೆಗೆಯುವ ನಮಗೂ ಅಂಟುತ್ತದೆ; ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ಎಂದು ವರ್ಷಗಟ್ಟಲೆ ನರಳಿಸುತ್ತದೆ. ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಹಾಕುವ ಲಸಿಕೆಯನ್ನು ಬಿಡಬೇಡಿ ಎಂದು ವಿಸ್ತರಣಾಧಿಕಾರಿಗಳು ಹೇಳುತ್ತಲೇ ಇರುತ್ತಾರೆ. ಜೊತೆಗೆ ಕಸವನ್ನು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಮೇಲೆ ಒಂದು ಚಪ್ಪಡಿ ಕಲ್ಲು ಎಳೆದರೆ ನಾಯಿ ಕೆದಕುವುದಿಲ್ಲ.

ನಿಯೋಸ್ಪೋರಾ ಎಂಬ ಇನ್ನೊಂದು ಸೂಕ್ಷ್ಮಜೀವಿ ಇದೆ, ಇದರ ಹೆಸರು ನಮ್ಮಲ್ಲಿ ಅಷ್ಟು ಕೇಳಿಬರುವುದಿಲ್ಲ. ಅದು ಬೆಳೆಯಲು ನಾಯಿಯೂ ಬೇಕು, ಹಸುವೂ ಬೇಕು. ನಾಯಿ ಹಸಿ ಮಾಂಸವನ್ನೋ ಕಸವನ್ನೋ ತಿಂದು ಅದನ್ನು ಹೊಟ್ಟೆಗೆ ತಂದುಕೊಳ್ಳುತ್ತದೆ; ಆಮೇಲೆ ಹುಲ್ಲಿನ ಮೆದೆಯ ಮೇಲೆ, ಗೋದಲಿಯ ಪಕ್ಕ ಮಲವಿಸರ್ಜನೆ ಮಾಡುತ್ತದೆ. ಆ ಹುಲ್ಲು ತಿಂದ ಹಸು ಐದಾರು ತಿಂಗಳ ಗಬ್ಬವನ್ನು ಕಳೆದುಕೊಳ್ಳಬಹುದು. ಹಸುವಿಗೆ ಮೇಲುನೋಟಕ್ಕೆ ಜ್ವರವಿಲ್ಲ, ಸೊರಗಿಲ್ಲ. ಅದಕ್ಕೆ ಇಂಥದೇ ಎಂಬ ಔಷಧವೂ ಇಲ್ಲ. ಕಂದು ಹಾಕಿದ್ದಕ್ಕೆಲ್ಲ ನಾಯಿಯೇ ಕಾರಣವೆಂದು ನಾನು ಹೇಳುತ್ತಿಲ್ಲ. ಹತ್ತು ಕಾರಣಗಳಿರುತ್ತವೆ, ರಕ್ತ ಪರೀಕ್ಷೆ ಮಾಡಿಸದೆ ತಿಳಿಯದು. ಆದರೆ ನೆರೆಮನೆಯವಳ ಕಣ್ಣು ಬಿತ್ತು ಎಂದು ದೃಷ್ಟಿ ತೆಗೆಸುವ ಮೊದಲು ನಿಮ್ಮ ಮೆದೆಯ ಮೇಲೆ ರಾತ್ರಿ ಯಾರು ಮಲಗುತ್ತಾರೆ ಎಂದು ನೋಡಿ.

ಕುರಿ ಕೊಯ್ಯುವ ಜಾಗದಲ್ಲಿ ಎಸೆದ ಶ್ವಾಸಕೋಶ, ಪಿತ್ತಜನಕಾಂಗ ತಿಂದ ನಾಯಿಯ ಹೊಟ್ಟೆಯಲ್ಲಿ ಅಕ್ಕಿ ಕಾಳಿಗಿಂತ ದೊಡ್ಡದಾಗದ ಒಂದು ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆ ನಾಯಿಯ ಕೂದಲಿಗೆ, ನೆಲಕ್ಕೆ, ಸೊಪ್ಪಿಗೆ ಅಂಟಿ ಮಕ್ಕಳ ಬಾಯಿಗೆ ಹೋದರೆ ವರ್ಷಗಳ ನಂತರ ಪಿತ್ತಜನಕಾಂಗದಲ್ಲೋ ಶ್ವಾಸಕೋಶದಲ್ಲೋ ನೀರುಗಡ್ಡೆಯಾಗಿ ಬೆಳೆಯುತ್ತದೆ, ಆಪರೇಷನ್ನಿಗೇ ಮುಟ್ಟಬಹುದು. ಹಸುವಿಗೆ ಜಂತುಹುಳುವಿನ ಔಷಧ ಕುಡಿಸುವ ದಿನ ನಾಯಿಗೂ ಅದರದ್ದೇ ಮಾತ್ರೆ ಕೇಳಿ ಪಡೆಯಿರಿ. ಹಸುವಿನದ್ದನ್ನೇ ಅರ್ಧ ಕುಡಿಸುವ ಜಾಣತನ ಬೇಡ.

ಇಷ್ಟು ಕೇಳಿದ ಮೇಲೆ "ಹಾಗಾದರೆ ಕಟ್ಟಿಬಿಡೋಣ" ಎಂದು ಹೊರಟರೆ ಅಲ್ಲೂ ನಿಲ್ಲಿ.

ನಮ್ಮೂರುಗಳಲ್ಲಿ ಕಟ್ಟುವುದೆಂದರೆ ಏನು? ತೆಂಗಿನ ಮರಕ್ಕೋ ಕೊಟ್ಟಿಗೆಯ ಕಂಬಕ್ಕೋ ಎರಡು ಮೊಳದ ಸರಪಳಿ. ಬಿಸಿಲು ಸರಿದರೂ ನಾಯಿ ಸರಿಯುವಂತಿಲ್ಲ. ಉಂಡಲ್ಲೇ ಮಲಗಬೇಕು, ಮಲಗಿದಲ್ಲೇ ಹೇಲಬೇಕು. ತಟ್ಟೆಯ ನೀರು ಮಗುಚಿದರೆ ಸಂಜೆಯವರೆಗೂ ಬಾಯಾರಿಕೆ. ಹೀಗೆ ಬೆಳೆದ ನಾಯಿ ಕಾವಲುಗಾರನಾಗುವುದಿಲ್ಲ, ಯಾರನ್ನು ಕಂಡರೂ ಹಲ್ಲು ಕಿರಿಯುವ ಕಾಟವಾಗುತ್ತದೆ; ಸರಪಳಿ ಕಳಚಿದ ದಿನ ಮೊದಲು ಕಚ್ಚುವುದು ಪಕ್ಕದ ಮನೆಯ ಮಗುವನ್ನೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಇದನ್ನು ಹೆಸರು ಹಿಡಿದೇ ಹೇಳಿದ್ದಾರೆ. ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಹೊತ್ತುಗೊತ್ತಿಲ್ಲದೆ ಪ್ರಾಣಿಯನ್ನು ಕಟ್ಟುವುದು ಅಪರಾಧ. ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದೆ ಇಡುವುದೂ ಅಪರಾಧ. ಅರುವತ್ತು ವರ್ಷಕ್ಕೂ ಹಿಂದಿನ ಕಾನೂನು ಅಕ್ಕಂದಿರೇ, ಇದು ಪಟ್ಟಣದವರ ಹೊಸ ಶೋಕಿಯಲ್ಲ. ಅಂಟುರೋಗ ಬಂದ ಪ್ರಾಣಿಯನ್ನು ಬೇಕೆಂದೇ ಬೀದಿಗೆ ಬಿಡುವುದನ್ನೂ ಅದೇ ಕಾಯ್ದೆ ತಪ್ಪೆಂದಿದೆ.

ಆಮೇಲೆ ಚಿರತೆ. ಮಂಡ್ಯ, ಮೈಸೂರು, ರಾಮನಗರ, ತುಮಕೂರು, ಹಾಸನ ಕಡೆಯ ಸದಸ್ಯೆಯರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. 2022ರ ಗಣತಿಯ ಅಂದಾಜಿನಲ್ಲಿ ನಮ್ಮ ರಾಜ್ಯದ ಚಿರತೆಗಳು 1,879. ಇವೆಲ್ಲ ಕಾಡಿನಲ್ಲೇ ಕೂತಿಲ್ಲ. ಕಬ್ಬಿನ ಗದ್ದೆಯಲ್ಲಿ ಮರಿ ಹಾಕುತ್ತವೆ, ಕಲ್ಲುಗುಡ್ಡದಲ್ಲಿ ಹಗಲು ಮಲಗಿ ರಾತ್ರಿ ಊರಂಚಿಗೆ ಬರುತ್ತವೆ. ಮಹಾರಾಷ್ಟ್ರದ ಅಕೋಲೆ ಎಂಬಲ್ಲಿನ ಕಬ್ಬಿನ ಸೀಮೆಯಲ್ಲಿ ಚಿರತೆಯ ಹಿಕ್ಕೆ ಪರೀಕ್ಷಿಸಿ ಅದು ಏನು ತಿನ್ನುತ್ತದೆಂದು ಸಂಶೋಧಕರು ಲೆಕ್ಕ ಹಾಕಿದರು. ತಿಂದ ತೂಕದಲ್ಲಿ ಶೇಕಡ 39ರಷ್ಟು ನಾಯಿಯೇ ಆಗಿತ್ತು. ಆಡು, ಹಸುವೆಲ್ಲ ಅದರ ನಂತರ.

ಇದರ ಅರ್ಥವನ್ನು ನಮ್ಮ ಅಂಗಳಕ್ಕೆ ತಂದು ನೋಡಿ. ರಾತ್ರಿ ಹೊರಗೆ ಕಟ್ಟಿದ ನಾಯಿ ಚಿರತೆಗೆ ಹಾಸಿದ ಎಲೆ. ಅದು ಓಡಲಾರದು, ಮರೆಯಾಗಲಾರದು. ಬೊಗಳಿ ತಾನಿರುವ ಜಾಗವನ್ನು ತಾನೇ ಹೇಳಿಕೊಡುತ್ತದೆ. ಹಾಗೆಂದು ಬಿಟ್ಟ ನಾಯಿಯೂ ಕ್ಷೇಮವಲ್ಲ. ಒಮ್ಮೆ ಸುಲಭದ ಊಟ ಸಿಕ್ಕ ಅಂಗಳಕ್ಕೆ ಚಿರತೆ ಮತ್ತೆ ಬರುತ್ತದೆ, ಆಗ ನಾಯಿ ಇಲ್ಲದಿದ್ದರೆ ಕರು ಇರುತ್ತದೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕತ್ತಲಲ್ಲೇ ಕೊಟ್ಟಿಗೆಗೆ ಹೋಗುವವರು ಯಾರು? 2022ರ ಕೊನೆಯಿಂದ 2023ರ ಮೊದಲ ತಿಂಗಳವರೆಗೆ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಗೆ ಜನ ಬಲಿಯಾದದ್ದು ನಿಮಗೆ ನೆನಪಿರಬಹುದು. ಅಂಗಳಕ್ಕೆ ಚಿರತೆಯನ್ನು ಕರೆಯುವ ಯಾವುದೂ ರಾತ್ರಿ ಹೊರಗಿರಬಾರದು. ನಾಯಿ, ಕರು, ಆಡು ಮೂರೂ ಬಾಗಿಲು ಹಾಕಿದ ಕಡೆ ಇರಲಿ. ಒಳಗಿದ್ದೇ ಬೊಗಳಿದರೂ ನಮಗೆ ಎಚ್ಚರವಾಗುತ್ತದಲ್ಲ, ಕಾವಲೆಂದರೆ ಅಷ್ಟೇ ಬೇಕಾದದ್ದು. ಕಳ್ಳನನ್ನು ಹಿಡಿದುಕೊಡಬೇಕಾಗಿಲ್ಲ.

"ನಮ್ಮದು ಕಾಂಪೌಂಡ್ ಇಲ್ಲದ ಮನೆ, ಬೇಲಿಯೊಳಗೆ ಅಂದರೆ ಎಲ್ಲಿ?" ಎಂದು ನೀವು ಕೇಳುವುದು ನನಗೆ ಕೇಳಿಸುತ್ತಿದೆ. ನ್ಯಾಯವಾದ ಪ್ರಶ್ನೆ. ಬೇಲಿ ಇಲ್ಲದವರು ಕೊಟ್ಟಿಗೆಯ ಕಂಬದಿಂದ ಮನೆಯ ಕಂಬಕ್ಕೆ, ತಲೆಗಿಂತ ಎತ್ತರದಲ್ಲಿ, ಒಂದು ಗಟ್ಟಿ ತಂತಿ ಎಳೆಯಿರಿ. ಅದಕ್ಕೊಂದು ಬಳೆ ಹಾಕಿ, ಬಳೆಗೆ ಹಗುರವಾದ ಹಗ್ಗ ಕಟ್ಟಿ ನಾಯಿಯ ಕೊರಳ ಪಟ್ಟಿಗೆ ಸೇರಿಸಿ. ತಂತಿಯ ಉದ್ದಕ್ಕೂ ನಾಯಿ ಆ ತುದಿಯಿಂದ ಈ ತುದಿಗೆ ಓಡಾಡುತ್ತದೆ, ನೆರಳಿಗೆ ಸರಿಯುತ್ತದೆ, ನೀರಿಗೆ ಬರುತ್ತದೆ. ಹಗ್ಗ ಕಂಬಕ್ಕೆ ಸುತ್ತಿಕೊಳ್ಳದಂತೆ ತಂತಿಗೆ ಎರಡೂ ಕಡೆ ಗಂಟು ಹಾಕಿ. ಗೋದಲಿ ಮತ್ತು ಮೆದೆ ಅದರ ಅಳತೆಗೆ ಸಿಗದಂತೆ ನೋಡಿಕೊಳ್ಳಿ. ಇದು ಹಗಲಿಗೆ, ನಾವು ಮನೆಯಲ್ಲಿಲ್ಲದ ಹೊತ್ತಿಗೆ ಮಾತ್ರ. ಹೊಲಕ್ಕೆ ಹೋಗುವಾಗ ಜೊತೆಯಲ್ಲಿ ಕರೆದುಕೊಂಡು ಹೋಗಿ. ಹುಲ್ಲು ಕೊಯ್ಯುವ ಹೊತ್ತು ಅದು ಬದುವಿನ ಮೇಲೆ ಓಡಿಕೊಂಡಿದ್ದರೆ ದಿನದ ಓಡಾಟ ಮುಗಿಯಿತು. ಮುಧೋಳದಂಥ ಓಡುವ ತಳಿಯನ್ನು ಶೋಕಿಗೆ ತಂದು ಅಂಗಳದಲ್ಲಿ ಕಟ್ಟುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಓಡಿಸಲು ಹೊಲವೂ ಪುರುಸೊತ್ತೂ ಇಲ್ಲದವರಿಗೆ ಆ ನಾಯಿ ಏಕೆ?

"ಕರೆಯುವಾಗ ನಾಯಿ ಪಕ್ಕದಲ್ಲಿದ್ದರೇನೇ ನಮ್ಮ ಹಸು ಸೊರೆಬಿಡೋದು" ಎನ್ನುವವರೂ ಇದ್ದಾರೆ. ಇರಬಹುದು. ಆದರೆ ಆ ನಾಯಿ ನೆಕ್ಕಿದ ಪಾತ್ರೆಯಲ್ಲಿ ಹಾಲು ಕರೆದು ತಂದರೆ ನಾನು ಅಳೆಯುವುದಿಲ್ಲ, ಈಗಲೇ ಹೇಳಿದ್ದೇನೆ.

ಬೆಕ್ಕಿನ ಲೆಕ್ಕವೇ ಬೇರೆ. ಬೆಕ್ಕನ್ನು ಒಳಗೆ ಕೂಡಿಹಾಕಿ ಎಂದರೆ ಹಳ್ಳಿಯ ಹಂಚಿನ ಮನೆಯಲ್ಲಿ ನಡೆಯುವ ಮಾತಲ್ಲ, ಇಲಿ ಹಿಡಿಯಲು ಅದು ಬೇಕೂ ಬೇಕು. ಇಲಿ ಹೆಚ್ಚಾದರೆ ಬೂಸಾ ಚೀಲಕ್ಕೂ ನಷ್ಟ, ಇಲಿಜ್ವರದ ಭಯವೂ ಉಂಟು. ಅದು ಓಡಾಡಿಕೊಂಡಿರಲಿ. ಆದರೆ ಪಶು ಆಹಾರದ ಚೀಲದ ಮೇಲೆ, ಹೊಟ್ಟಿನ ಕೋಣೆಯಲ್ಲಿ ಮಲಗಲು ಬಿಡಬೇಡಿ, ಚೀಲದ ಬಾಯಿ ಕಟ್ಟಿಡಿ. ಬಸುರಿ ಹೆಣ್ಣುಮಕ್ಕಳು ಬೆಕ್ಕಿನ ಹೇಲು ಬಳಿಯುವ ಕೆಲಸಕ್ಕೆ ಹೋಗಬಾರದು. ಅದರಲ್ಲಿರುವ ಟಾಕ್ಸೋಪ್ಲಾಸ್ಮಾ ಹೊಟ್ಟೆಯಲ್ಲಿರುವ ಮಗುವಿಗೆ ಕೇಡು ಮಾಡಬಲ್ಲದು. ನಾಯಿಯಂತೆ ಬೆಕ್ಕಿಗೂ ರೇಬೀಸ್ ಲಸಿಕೆ ಇದೆ, ಅದು ಪರಚಿ ಕಚ್ಚಿದರೂ ತೊಳೆಯುವುದು ಹದಿನೈದೇ ನಿಮಿಷ.

ಹೆಣ್ಣು ಮರಿಗಳ ಕಥೆಯನ್ನು ಹೇಳದೆ ಬಿಟ್ಟರೆ ಈ ಬರಹ ಅರ್ಧವಾದಂತೆ. ಮರಿ ಹಂಚುವಾಗ ಗಂಡು ಮರಿಗೆ ನಾಲ್ಕು ಕೈ ಮುಂದೆ ಬರುತ್ತವೆ. ಹೆಣ್ಣು ಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಸಂತೆಮಾಳದಲ್ಲೋ, ಡೇರಿಯ ಹಿಂದೆಯೋ, ಇನ್ನೊಂದೂರಿನ ಗಡಿಯಲ್ಲೋ ಬಿಟ್ಟು ಬರುತ್ತಾರೆ. ಹೆಣ್ಣು ಎಂಬ ಕಾರಣಕ್ಕೇ ಬೇಡವಾಗುವುದರ ಬಗ್ಗೆ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬದುಕಿ ಉಳಿದವು ವರ್ಷ ತುಂಬುವ ಹೊತ್ತಿಗೆ ತಾವೇ ಮರಿ ಹಾಕುತ್ತವೆ. ಬೀದಿನಾಯಿ ಎಲ್ಲಿಂದ ಬಂತು ಎಂದು ಗ್ರಾಮ ಪಂಚಾಯಿತಿಯನ್ನು ಬೈಯುವಾಗ ಈ ಗೋಣಿಚೀಲವೂ ನಮಗೆ ನೆನಪಿರಲಿ. ಸಾಕಿದ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಸಾಕಿದವರ ಹೊಣೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಬೀದಿನಾಯಿಗಳ ಸಂತಾನಹರಣ, ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ನಿಮಗಿದೆ. ನಮ್ಮ ಮನೆಯ ನಾಯಿ ಬೇಲಿಯೊಳಗಿದ್ದರೆ ಆ ಪ್ರಶ್ನೆ ಕೇಳುವಾಗ ದನಿಯೂ ಗಟ್ಟಿಯಾಗಿರುತ್ತದೆ.

ಊರಿಗೆ ಊರೇ ಸೇರಿದರೆ ಈ ರೋಗ ನಿಲ್ಲುತ್ತದೆಯೇ? ನಿಲ್ಲುತ್ತದೆ. ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಾದರೂ ಲಸಿಕೆ ಬಿದ್ದರೆ ರೋಗ ಒಂದರಿಂದೊಂದಕ್ಕೆ ದಾಟುವ ಸರಪಳಿ ಕಡಿಯುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪಕ್ಕದ ಗೋವಾದಲ್ಲಿ ಮನೆಮನೆಗೂ ಬೀದಿಬೀದಿಗೂ ಹೋಗಿ, ಸಾಕಿದ ನಾಯಿಯನ್ನು ಕೈಯಲ್ಲಿ ಹಿಡಿದು, ಬೀದಿನಾಯಿಯನ್ನು ಬಲೆಯಲ್ಲಿ ಹಿಡಿದು ವರ್ಷ ವರ್ಷವೂ ಲಸಿಕೆ ಹಾಕಿದರು. 2021ರಲ್ಲಿ ಅದು ರೇಬೀಸ್ ನಿಯಂತ್ರಿತ ರಾಜ್ಯವೆಂದು ಘೋಷಣೆಯಾಯಿತು. 2030ರ ಹೊತ್ತಿಗೆ ನಾಯಿಯಿಂದ ಬರುವ ರೇಬೀಸನ್ನು ದೇಶದಿಂದಲೇ ಇಲ್ಲವಾಗಿಸಬೇಕೆಂದು ಕೇಂದ್ರ ಸರ್ಕಾರವೂ ಗುರಿ ಇಟ್ಟುಕೊಂಡಿದೆ. ಗೋವಾದವರಿಗೆ ಆದದ್ದು ದಿನಕ್ಕೆ ಎರಡು ಸಲ ಊರಿನ ಅರ್ಧ ಮನೆಗಳನ್ನು ಒಂದೇ ಬಾಗಿಲಲ್ಲಿ ಕೂಡಿಸುವ ನಮ್ಮ ಸಂಘಗಳಿಗೆ ಆಗದೇ?

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಬಹಳಷ್ಟು ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಲಸಿಕೆ ಹಾಕುತ್ತಾರೆ. ನಮ್ಮ ಸಂಘಗಳ ವಾರ್ಷಿಕ ಮಹಾಸಭೆ ನಡೆಯುವುದೂ ಅದೇ ತಿಂಗಳಲ್ಲಿ. ಸಭೆಯಲ್ಲಿ ಬೋನಸ್ ಎಷ್ಟು ಎಂದು ಕೇಳುವುದರ ಜೊತೆಗೆ, ಊರಿನ ನಾಯಿಗಳಿಗೆ ಡೇರಿಯ ಆವರಣದಲ್ಲೇ ಒಂದು ದಿನ ಲಸಿಕೆ ಹಾಕಿಸಬೇಕೆಂದು ನಿಮ್ಮಲ್ಲೊಬ್ಬರು ಠರಾವು ಮಂಡಿಸಿ, ಇನ್ನೊಬ್ಬರು ಅನುಮೋದಿಸಿ. ಪಶು ಆಸ್ಪತ್ರೆಗೆ ಸಂಘದ ಲೆಟರ್‌ಹೆಡ್ಡಿನಲ್ಲಿ ಪತ್ರ ಹೋದರೆ ಕೆಲಸ ಬೇಗ ಆಗುತ್ತದೆ. ಅವತ್ತು ಎಷ್ಟು ನಾಯಿ ಬರುತ್ತವೆ ಎಂಬ ಅಂದಾಜನ್ನು ಮೊದಲೇ ಕೊಡಬೇಕಾಗುತ್ತದೆ, ಆದ್ದರಿಂದ ಒಂದು ವಾರ ಮುಂಚೆ ಹಾಲು ಹಾಕುವಾಗ ನಿಮ್ಮ ಕೋಡ್ ನಂಬರಿನ ಮುಂದೆ ನಾಯಿ ಬೆಕ್ಕುಗಳ ಲೆಕ್ಕವನ್ನೂ ಬರೆಸಿ. ಮೂರು ತಿಂಗಳು ತುಂಬಿದ ಮರಿಯಿಂದ ಹಿಡಿದು ಎಲ್ಲವಕ್ಕೂ ಹಾಕಿಸಬಹುದು, ಆಮೇಲೆ ವರ್ಷಕ್ಕೊಮ್ಮೆ ತಪ್ಪಬಾರದು. ಹಗ್ಗ ಹಾಕಿಯೇ ಕರೆತನ್ನಿ, ಅದಕ್ಕೆ ಚೆನ್ನಾಗಿ ರೂಢಿಯಿರುವವರೇ ಹಿಡಿದುಕೊಳ್ಳಲಿ, ಮಕ್ಕಳ ಕೈಗೆ ಕೊಡಬೇಡಿ. ಹಾಕಿದ ತಾರೀಖನ್ನು ಅಲ್ಲೇ ಚೀಟಿಯಲ್ಲಿ ಬರೆಸಿಕೊಂಡು, ಮನೆಗೆ ಹೋದ ಮೇಲೆ ಹಸುವಿನ ವಿಮೆ ಪತ್ರ ಇಟ್ಟಿರುವ ಪೆಟ್ಟಿಗೆಯಲ್ಲೇ ಇಡಿ.